ಹುಬ್ಬಳ್ಳಿ–ಧಾರವಾಡ: ನೋಡಲು, ಉಣ್ಣಲು ಎರಡು ದಿನ

ಹಂಪಿಗೋ ಗೋವಾಕ್ಕೋ ಹೊರಟವರು ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸುತ್ತಾರೆ, ಪೇಡೆಯ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಮುಂದೆ ಸಾಗುತ್ತಾರೆ. ಈ ಅವಳಿ ನಗರಕ್ಕೆ ಸಲ್ಲಬೇಕಾದ ಮರ್ಯಾದೆ ಅಷ್ಟೇ ಅಲ್ಲ. ಬೇಲೂರಿನಂಥ ದೊಡ್ಡ ಗುಡಿಯಾಗಲಿ, ಮೈಸೂರಿನಂಥ ಅರಮನೆಯಾಗಲಿ ಇಲ್ಲಿ ಇಲ್ಲ, ನಿಜ. ಗುಡಿ, ಮಠ, ಕವಿಯ ಮನೆ, ಗಾಯಕರ ಮನೆ, ಖಾನಾವಳಿ ಎಲ್ಲವೂ ಚದುರಿಕೊಂಡಿವೆ. ಹೊತ್ತು ನೋಡಿ ಹೋದವರಿಗೆ ಈ ಊರು ದಕ್ಕುತ್ತದೆ: ಬೆಳಿಗ್ಗೆ ಗುಡಿ, ನಡುಹಗಲಿಗೆ ರೊಟ್ಟಿ ಊಟ, ಸಂಜೆಗೆ ಗಿರಮಿಟ್.

ಎರಡು ಊರು, ಎರಡು ಸ್ವಭಾವ

ಯುರೋಪಿನಲ್ಲಿ ಬುಡಾ, ಓಬುಡಾ ಮತ್ತು ಪೆಸ್ಟ್ 1873ರಲ್ಲಿ ಕೂಡಿ ಬುಡಾಪೆಸ್ಟ್ ಆದವು. ಸುಮಾರು 20 ಕಿಲೋಮೀಟರ್ ಅಂತರದ ಹುಬ್ಬಳ್ಳಿ ಮತ್ತು ಧಾರವಾಡ ಒಂದೇ ಪಾಲಿಕೆಯಡಿ ಬಂದದ್ದು 1962ರಲ್ಲಿ. ಹೆಸರು ಮಾತ್ರ ಬೆಸೆಯಲಿಲ್ಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕೆಂಬ ಬೇಡಿಕೆ ಬಹಳ ದಿನಗಳದ್ದು. 2025ರ ಜನವರಿಯಲ್ಲಿ ರಾಜ್ಯ ಸಂಪುಟ ಅದಕ್ಕೆ ಒಪ್ಪಿಗೆ ನೀಡಿತು.

ಹುಬ್ಬಳ್ಳಿ ಹತ್ತಿ ವ್ಯಾಪಾರದ ಊರು. 1673ರಲ್ಲಿ ಮರಾಠಾ ಸೈನ್ಯ ಇಲ್ಲಿದ್ದ ಇಂಗ್ಲಿಷರ ಕೋಠಿಯನ್ನು ಲೂಟಿ ಮಾಡಿತ್ತು ಎಂದರೆ ಆಗಿನ ಪೇಟೆಯ ಸಂಪತ್ತನ್ನು ಊಹಿಸಬಹುದು. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಅದು ಶಾಲೆ, ಕಚೇರಿ, ಗ್ರಂಥ, ಸಂಗೀತಗಳ ಊರಾಗಿ ಬೆಳೆಯಿತು.

ಹುಬ್ಬಳ್ಳಿಯಲ್ಲಿ ನೋಡಬೇಕಾದ್ದು

ಮೊದಲು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಗೆ ಮನೆಗಳ ನಡುವಿನ ಓಣಿಯಲ್ಲಿ ಹಾದುಹೋಗಬೇಕು. ನಾಲ್ಕೂ ದಿಕ್ಕಿಗೆ ಬಾಗಿಲು ಇರುವುದು ಇದರ ವಿಶೇಷ. ಬಾಗಿಲ ಇಕ್ಕೆಲದ ಕಲ್ಲಿನ ಜಾಲಂಧ್ರಗಳನ್ನು ಹತ್ತಿರ ನಿಂತು ನೋಡಿ. ಎಳೆ ಬಿಸಿಲಿನಲ್ಲಿ ಅವುಗಳ ತೂತು ತೂತಿನ ಬೆಳಕು ಒಳಗಿನ ಕಂಬಗಳ ಮೇಲೆ ಬೀಳುತ್ತದೆ. ಅದಕ್ಕೇ ಇಲ್ಲಿಗೆ ಬೆಳಿಗ್ಗೆಯೇ ಬರಬೇಕು. ಉಣಕಲ್ ಕೆರೆ ಸಮೀಪದಲ್ಲೇ ಇದೆ.

ಸಿದ್ಧಾರೂಢ ಮಠ (ಸ್ವಾಮಿಗಳು 1929ರಲ್ಲಿ ಸಮಾಧಿಯಾದರು) ಜಾತಿ ಕೇಳದೆ ಎಲ್ಲರನ್ನೂ ಒಳಗೆ ಕರೆದ ಮಠ. ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡು ಬಂದರೆ ಆ ಮಾತಿನ ಅರ್ಥ ತಾನೇ ತಿಳಿಯುತ್ತದೆ. ಸಿದ್ಧಾರೂಢರ ಹೆಸರನ್ನೇ ಹೊತ್ತ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ದಾಖಲೆಗೆ ಸೇರಿದೆ. ಪ್ರವಾಸಿ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಜಾಗ ಬೆಂಗೇರಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಘಟಕದಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳೇ ಖಾದಿಯ ರಾಷ್ಟ್ರಧ್ವಜ ಹೊಲಿಯುತ್ತಾರೆ.

ಧಾರವಾಡದ ಅಟ್ಟ, ಕೆರೆ, ಮನೆಗಳು

ಧಾರವಾಡದಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ನೆನೆಯುವುದಿದೆ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿತು. ಕರ್ನಾಟಕ ಏಕೀಕರಣದ ಕನಸಿಗೆ ಅದು ಮೊದಲ ಜಗಲಿ. ಸುಭಾಸ ರಸ್ತೆಯ ‘ಅಟ್ಟ’ದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಪ್ರಕಾಶನ ಇದೆ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಬಂದದ್ದು ಇಲ್ಲಿಂದಲೇ. ಕನ್ನಡ ಓದುವ ಯಾರೇ ಆದರೂ ಈ ಅಟ್ಟ ಹತ್ತದೆ ಊರು ಬಿಡಬಾರದು. ಸಾಧನಕೇರಿಯಲ್ಲಿ ಕವಿ ಬೇಂದ್ರೆಯವರ ಮನೆ, ಎದುರಿಗೆ ಕೆರೆ, ಹತ್ತಿರದಲ್ಲಿ ಬೇಂದ್ರೆ ಭವನ. ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ವನ್ನು ಅವರ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಊರಿನ ಕೋಟೆಯದು ಬಾಗಿಲೊಂದು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ.

ಊಟದ ಲೆಕ್ಕ

ಮಧ್ಯಾಹ್ನ ಒಂದರ ಸುಮಾರಿಗೆ ಖಾನಾವಳಿಗೆ ಹೋಗಿ. ಬಿಳಿಜೋಳದ ರೊಟ್ಟಿ ಎರಡು ಬಗೆ: ಹಂಚಿನಿಂದ ಇಳಿದ ಬಿಸಿ ರೊಟ್ಟಿ ಮತ್ತು ದಿನಗಟ್ಟಲೆ ಇಡಬಹುದಾದ ಖಡಕ್ ರೊಟ್ಟಿ. ತಾಟಿನಲ್ಲಿ ಎಣ್ಣೆಗಾಯಿ ಬದನೆ, ಮಡಿಕಿಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಎಳೆ ಮೆಂತ್ಯ ಸೊಪ್ಪು. ಹಿಂಡಿಗೆ ಮೊಸರು ಕಲಸಿಕೊಂಡರೆ ಖಾರ ಹದಕ್ಕೆ ಬರುತ್ತದೆ. ಅನ್ನ ಕೊನೆಗೆ ಬರುತ್ತದೆ, ಅದಕ್ಕೆ ಜಾಗ ಉಳಿದಿದ್ದರೆ.

ಮಾಂಸ ತಿನ್ನುವವರಿಗೆ ಸಾವಜಿ ಖಾನಾವಳಿಗಳಿವೆ. ನೇಕಾರಿಕೆ ಮಾಡಿಕೊಂಡಿದ್ದ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಅಡುಗೆ ಇದು. ಒಣಕೊಬ್ಬರಿ, ಗಸಗಸೆ ಹುರಿದು ರುಬ್ಬಿದ ಮಸಾಲೆಯ ಮಟನ್ ಸಾರಿನ ಮೇಲೆ ಕೆಂಪೆಣ್ಣೆ ತೇಲುತ್ತಿರುತ್ತದೆ. ರೂಢಿಯಿಲ್ಲದವರು ಸ್ವಲ್ಪ ಸ್ವಲ್ಪವೇ ಬಡಿಸಿಕೊಳ್ಳುವುದು ಲೇಸು.

ಸಂಜೆ ಹುಬ್ಬಳ್ಳಿಯ ದುರ್ಗದಬೈಲ್. ಉಳ್ಳಾಗಡ್ಡಿ, ಹುಣಸೆ, ಬೆಲ್ಲ ಹಾಕಿ ಕುದಿಸಿದ ಗೊಜ್ಜನ್ನು ಚುರುಮುರಿಗೆ ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಮೇಲೆ ಸೇವು, ಕೊತ್ತಂಬರಿ ಹಾಕಿ ಕೊಡುವುದೇ ಗಿರಮಿಟ್. ಜೊತೆಗೆ ಬಿಸಿ ಮಿರ್ಚಿ ಭಜಿ. ಕಲಸಿದ ಕೂಡಲೇ ತಿನ್ನಬೇಕು, ಐದು ನಿಮಿಷ ಬಿಟ್ಟರೆ ಚುರುಮುರಿ ಮೆತ್ತಗಾಗುತ್ತದೆ.

ಪೇಡೆ

ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಅಂಜಿ ವಲಸೆ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಈ ಸಿಹಿಯನ್ನು ಧಾರವಾಡಕ್ಕೆ ತಂದಿತು. ಹಾಲನ್ನು ಖೋವಾ ಆಗುವವರೆಗೆ ಬತ್ತಿಸಿ, ಸಕ್ಕರೆ ಸೇರಿಸಿ, ಕಂದು ಬಣ್ಣಕ್ಕೆ ತಿರುಗುವ ತನಕ ಹುರಿಯುತ್ತಾರೆ. ಉಂಡೆ ಕಟ್ಟಿ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಮಥುರಾ ಪೇಡೆಯ ಬಳಗದ್ದಾದರೂ ರುಚಿ ಇಲ್ಲಿನದೇ. 2021ರಲ್ಲಿ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಧಾರವಾಡಿ ಎಮ್ಮೆಯ ಹಾಲಿಗೂ ಇದರಲ್ಲಿ ಪಾಲಿದೆ. ಪೇಡೆಗೆ ಭೌಗೋಳಿಕ ಸೂಚಿಕೆಯೂ ದೊರೆತಿದೆ. ಲೈನ್ ಬಜಾರಿನ ಹಳೆಯ ಅಂಗಡಿಯ ಪೇಡೆ ಬೇಕಿದ್ದರೆ ಬೇಗ ಹೋಗಿ. ಮಾಡಿದ್ದು ಮುಗಿದ ಮೇಲೆ ಸಿಗುವುದಿಲ್ಲ.

ಓಡಾಟ

ಎರಡೂ ಊರಿನ ನಡುವೆ ತನ್ನದೇ ಪಥದಲ್ಲಿ ಓಡುವ ‘ಚಿಗರಿ’ ಬಸ್ಸು ಹತ್ತುವುದು ಸುಲಭ. ಉಣಕಲ್ಲು ದಾರಿಯಲ್ಲೇ ಸಿಗುತ್ತದೆ. ಮಳೆ ಹಿಂದಾದ ಮೇಲೆ, ಅಕ್ಟೋಬರಿನಿಂದ ಫೆಬ್ರುವರಿವರೆಗೆ ಹವೆ ಹಿತ. ಮಹಾಶಿವರಾತ್ರಿಗೆ ಬಂದರೆ ಸಿದ್ಧಾರೂಢರ ಜಾತ್ರೆ ಸಿಗುತ್ತದೆ, ವಸತಿಯನ್ನು ಮಾತ್ರ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಮೂರನೆಯ ದಿನ ಇದ್ದರೆ ಕುಂದಗೋಳಕ್ಕೆ ಹೋಗಿಬನ್ನಿ: ಚಾಲುಕ್ಯರ ಶಂಭುಲಿಂಗ ಗುಡಿ ಅಲ್ಲಿದೆ, ಭೀಮಸೇನ ಜೋಶಿ ಮತ್ತು ಗಂಗೂಬಾಯಿ ಹಾನಗಲ್ಲರು ಗುರು ಸವಾಯಿ ಗಂಧರ್ವರ ಬಳಿ ಸಂಗೀತದ ಪಾಠ ಹೇಳಿಸಿಕೊಂಡ ಊರೂ ಅದೇ.