ಊರು ಬಿಡಲು ಯಾರನ್ನು ಕೇಳಬೇಕು?

ಜಿಲ್ಲಾ ಕೋರ್ಟಿನ ಸುದ್ದಿ ಕಳಿಸುವ ನಮ್ಮಂಥವರಿಗೆ ‘ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ’ ಅನ್ನುವುದು ಎರಡು ಸಾಲಿನ ಸುದ್ದಿ. ಜಾಗ ಇಲ್ಲದಿದ್ದರೆ ಡೆಸ್ಕಿನವರು ಅದನ್ನೂ ಎತ್ತಿಬಿಡುತ್ತಾರೆ. ಪ್ರೊಬೇಷನ್ ಅಂದಕೂಡಲೇ ಓದುಗರಿಗೆ ನೆನಪಾಗುವುದು ಸರ್ಕಾರಿ ನೌಕರಿಯ ಮೊದಲ ಎರಡು ವರ್ಷ. ನಾವು ಹೇಳುತ್ತಿರುವುದು ಆ ಪ್ರೊಬೇಷನ್ ಅಲ್ಲ. ಇಲ್ಲಿ ತಪ್ಪು ಸಾಬೀತಾಗಿರುತ್ತದೆ, ಆದರೂ ನ್ಯಾಯಾಧೀಶರು ಜೈಲಿಗೆ ಕಳಿಸದೆ, ಇಷ್ಟು ಕಾಲ ಸರಿಯಾಗಿ ನಡೆದುಕೋ ಎಂದು ಬರೆಸಿಕೊಂಡು ಮನೆಗೆ ಕಳಿಸುತ್ತಾರೆ. ನಡತೆ ನೋಡಿಕೊಳ್ಳಲು ಒಬ್ಬ ಪ್ರೊಬೇಷನ್ ಅಧಿಕಾರಿಯನ್ನೂ ನೇಮಿಸಬಹುದು.

ಮನೆಗೆ ಹೋದವನ ಕಥೆ ಏನಾಗುತ್ತದೆ ಎಂದು ನಾವು ಬರೆಯುವುದಿಲ್ಲ. ಊರಿಗೆಲ್ಲ ಸುದ್ದಿ ಗೊತ್ತಾಗಿರುತ್ತದೆ. ಹೊಲಕ್ಕೆ ಕೂಲಿಗೆ ಕರೆಯುವವರು ಕಡಿಮೆಯಾಗುತ್ತಾರೆ, ಮನೆಯ ಹುಡುಗಿಗೆ ಬಂದ ಸಂಬಂಧ ತಿರುಗಿ ಹೋಗುತ್ತದೆ. ಬೆಂಗಳೂರಿನಲ್ಲೋ ಗೋವಾದಲ್ಲೋ ಗೌಂಡಿ ಕೆಲಸ ಇದೆ, ಸೋದರಮಾವ ಅಲ್ಲೇ ಇದ್ದಾನೆ, ಹೋಗಿಬಿಟ್ಟರೆ ಹೊಸದಾಗಿ ಬದುಕಬಹುದು ಅನ್ನಿಸುತ್ತದೆ. ಹೋಗಬಹುದೇ? ಯಾರನ್ನು ಕೇಳಬೇಕು? ಈ ಪ್ರಶ್ನೆ ನಮ್ಮ ಕಡೆಗೆ ಹೊಸದಲ್ಲ. ನೂರು ವರ್ಷದ ಹಿಂದೆ ಯಾವ ತಪ್ಪೂ ಮಾಡದ ಸಾವಿರಾರು ಜನ ಇದನ್ನೇ ಕೇಳಬೇಕಾಗಿತ್ತು.

ಹುಬ್ಬಳ್ಳಿಯಲ್ಲಿ ಆಟೋ ಹತ್ತಿ ‘ಸೆಟ್ಲಮೆಂಟ್’ ಅಂದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಗದಗ-ಬೆಟಗೇರಿಯಲ್ಲೂ ಅದೇ ಹೆಸರಿದೆ, ವಿಜಯಪುರದಲ್ಲೂ ಇದೆ. ಹೆಸರು ಬಂದದ್ದು ಬ್ರಿಟಿಷರು ಕೆಲವು ಸಮುದಾಯಗಳನ್ನು ತಂದು ಕೂಡಿಹಾಕಿದ ವಸಾಹತುಗಳಿಂದ. ಅದಕ್ಕೆ ಆಧಾರವಾದದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಅದು 1911ರಲ್ಲಿ ತಿದ್ದುಪಡಿಯಾಗಿ ಮದ್ರಾಸು, ಬೊಂಬಾಯಿ ಪ್ರಾಂತ್ಯಗಳಿಗೂ ಬಂತು. ಹಾಗಾಗಿ ಅಂದಿನ ಧಾರವಾಡ, ಬಿಜಾಪುರ, ಬೆಳಗಾವಿ, ಬಳ್ಳಾರಿ ಜಿಲ್ಲೆಗಳೂ ಅದರ ತೆಕ್ಕೆಗೆ ಬಿದ್ದವು.

ಈ ಕಾಯ್ದೆಯ ಕ್ರೌರ್ಯದ ಬಗ್ಗೆ ಬರೆದವರು ಬಹಳ ಜನ. ನಮಗೆ ಬೇಕಾದದ್ದು ಅದರ ಒಂದು ಸಣ್ಣ ಭಾಗ, ಪಾಸಿನ ಸಂಗತಿ. ನೋಂದಾಯಿತ ವ್ಯಕ್ತಿ ಎಲ್ಲಿಯವರೆಗೆ ಓಡಾಡಬಹುದು ಎಂದು ಸರ್ಕಾರ ಗಡಿ ಹಾಕಬಹುದಿತ್ತು. ಆ ಗಡಿ ದಾಟಲು ಪಾಸು ಬೇಕು. ಯಾವ ಊರಿಗೆ ಹೋಗಬಹುದು, ಎಲ್ಲಿ ತಂಗಬಹುದು, ಯಾರ ಮುಂದೆ ಹಾಜರಾಗಬೇಕು, ಎಷ್ಟು ದಿನ ಹೊರಗಿರಬಹುದು ಎಂಬುದೆಲ್ಲ ಪಾಸಿನಲ್ಲೇ ಇರಬೇಕು. ಪಾಸಿಲ್ಲದೆ ಸಿಕ್ಕಿಬಿದ್ದವನನ್ನು ಪೊಲೀಸರಷ್ಟೇ ಅಲ್ಲ, ಊರಿನ ತಳವಾರನೂ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. 1911ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಾಸಸ್ಥಳ ಬದಲಿಸಿದರೆ ತಿಳಿಸಬೇಕು, ಸರಿ. ಬದಲಿಸುವ ಉದ್ದೇಶ ಇದ್ದರೂ ಮೊದಲೇ ತಿಳಿಸಬೇಕು ಎಂದಿತು. ಮನಸ್ಸಿನಲ್ಲಿ ಮೂಡಿದ ಯೋಚನೆಯನ್ನೂ ಠಾಣೆಗೆ ಒಪ್ಪಿಸಿ ಅಂದ ಹಾಗೆ!

ಇದಕ್ಕೆ ಸಿಕ್ಕಿದವರು ಯಾರು? ಓಡಾಟವೇ ಕಸುಬಾಗಿದ್ದ ಜನ. ಕೊರವರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಸಾಗಿಸುತ್ತಿದ್ದವರು. ಸರ್ಕಾರದ ಉಪ್ಪಿನ ನೀತಿ ಮತ್ತು ರೈಲು ಸೇರಿ ಆ ವ್ಯಾಪಾರವನ್ನು ಹೇಗೆ ಮುರಿದವು ಎಂಬುದನ್ನು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಮದ್ರಾಸ್ ಪ್ರಾಂತ್ಯದ ದಾಖಲೆಗಳಿಂದ ತೋರಿಸಿದ್ದಾರೆ. ಹೊಟ್ಟೆಪಾಡು ಹೋದ ಮೇಲೂ ಅಲೆಯುತ್ತಿದ್ದವರು ಸರ್ಕಾರದ ಕಣ್ಣಿಗೆ ಅನುಮಾನದ ಜನರಾದರು. ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಕಂಜರಭಾಟರು ಇದೇ ಪಟ್ಟಿಯಲ್ಲಿದ್ದರು. ಗಂಟಿಚೋರ ಅನ್ನುವ ಹೆಸರಲ್ಲೇ ಕಳ್ಳ ಇದ್ದಾನೆ, ಮಗು ಹುಟ್ಟಿದ ಕೂಡಲೇ ಆ ಪಟ್ಟ ಅದಕ್ಕೂ ಸಿಗುತ್ತಿತ್ತು.

ಬಿಜಾಪುರದ ಕಡೆಯಿಂದ ಕೆಲಸ ಶುರುಮಾಡಿದ ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಬೊಂಬಾಯಿ ಪ್ರಾಂತ್ಯದ ಸೆಟ್ಲಮೆಂಟುಗಳ ಮುಖ್ಯಸ್ಥರಾದರು. ಇವರ ಪದ್ಧತಿಯಲ್ಲಿ ಜನರನ್ನು ಗಿರಣಿ, ರೈಲ್ವೆ ವರ್ಕ್‌ಶಾಪ್‌ನಂಥ ಕೆಲಸ ಇರುವ ಊರುಗಳ ಪಕ್ಕದಲ್ಲಿ ನೆಲೆ ಮಾಡಿಸಲಾಯಿತು. ತಂತಿ ಬೇಲಿ, ಹಾಜರಿ, ಶಾಲೆ, ಕೆಲಸ. ನಡತೆ ಚೆನ್ನಾಗಿದ್ದವರಿಗೆ ಬೇಲಿಯ ಹೊರಗಿನ ‘ಫ್ರೀ ಕಾಲನಿ’ಯಲ್ಲಿ ಮನೆ. ಸುಧಾರಣೆಯ ಹಾದಿ ಎಂದು ಅವರು ಇದನ್ನು ಪ್ರಾಮಾಣಿಕವಾಗಿಯೇ ನಂಬಿದ್ದರೆನಿಸುತ್ತದೆ. ಶಾಲೆಗಳಿಂದ ಕೆಲವರು ಮುಂದೆ ಬಂದದ್ದೂ ನಿಜ. ಆದರೆ ‘ಫ್ರೀ’ ಆಗಲು ನಡತೆಯ ಸರ್ಟಿಫಿಕೇಟ್ ಬೇಕಾಗಿದ್ದವರು ಯಾವ ಕೋರ್ಟಿನಲ್ಲೂ ತಪ್ಪಿತಸ್ಥರಾಗಿರಬೇಕಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ಪ್ರೊಬೇಷನ್. ಅದು ಹುಟ್ಟಿದ್ದು ಬೇರೆ ನೆಲದಲ್ಲಿ, ಬೇರೆ ಮನಸ್ಸಿನಿಂದ. 1841ರ ಆಗಸ್ಟ್‌ನಲ್ಲಿ ಅಮೆರಿಕದ ಬೋಸ್ಟನ್ ನಗರದ ಕೋರ್ಟಿಗೆ ಹೋಗಿದ್ದ ಜಾನ್ ಆಗಸ್ಟಸ್ ಎಂಬ ಬೂಟು ಹೊಲಿಯುವಾತ, ಅಲ್ಲಿ ತಂದು ನಿಲ್ಲಿಸಿದ್ದ ಒಬ್ಬ ಕುಡುಕನಿಗೆ ಜಾಮೀನು ನಿಂತ. ಮೂರು ವಾರದ ನಂತರ ಆ ಮನುಷ್ಯ ಕುಡಿತ ಬಿಟ್ಟು ಕೋರ್ಟಿಗೆ ಬಂದಾಗ ನ್ಯಾಯಾಧೀಶರು ಒಂದು ಸೆಂಟ್ ದಂಡ, ಜೊತೆಗೆ ಕೋರ್ಟ್ ಖರ್ಚು ಹಾಕಿ ಬಿಟ್ಟರು. ಆಗಸ್ಟಸ್ 1859ರಲ್ಲಿ ಸಾಯುವ ತನಕ ಇದನ್ನೇ ಮಾಡಿದ, ಸುಮಾರು ಎರಡು ಸಾವಿರ ಜನರಿಗೆ ಜಾಮೀನಾದ. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅದನ್ನು ಕಾನೂನು ಮಾಡಿತು. ಊರು ಬದಲಿಸುವ ತೊಡಕು ಅಲ್ಲೂ ತಪ್ಪಲಿಲ್ಲ. ಒಂದು ರಾಜ್ಯದ ಪ್ರೊಬೇಷನ್ನಿನವನು ಇನ್ನೊಂದು ರಾಜ್ಯಕ್ಕೆ ಹೋದರೆ ಉಸ್ತುವಾರಿ ಯಾರದ್ದು? ಇದಕ್ಕಾಗಿ 1937ರಲ್ಲಿ ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ನಮ್ಮಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಂ ಮೊದಲ ಸಲ ತಪ್ಪು ಮಾಡಿದವರನ್ನು ಹೀಗೆ ಬಿಡಲು ದಾರಿ ಕೊಟ್ಟಿತ್ತು. ಮದ್ರಾಸು 1936ರಲ್ಲಿ, ಬೊಂಬಾಯಿ 1938ರಲ್ಲಿ ಪ್ರೊಬೇಷನ್ ಕಾಯ್ದೆ ಮಾಡಿದವು. ಅಂದರೆ ಒಂದೇ ಕಾಲದಲ್ಲಿ ಹುಬ್ಬಳ್ಳಿಯಲ್ಲಿ, ಸಾಬೀತಾದ ತಪ್ಪಿತಸ್ಥನನ್ನು ನಂಬಿ ಮನೆಗೆ ಕಳಿಸುವ ಕಾನೂನೂ ಇತ್ತು, ತಪ್ಪು ಮಾಡದವನನ್ನು ನಂಬದೆ ಬೇಲಿಯೊಳಗೆ ಇಡುವ ಕಾನೂನೂ ಇತ್ತು.

ಬುಡಕಟ್ಟುಗಳ ಕಾಯ್ದೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ರದ್ದಾಯಿತು. ಆದರೆ ‘ರೂಢಿಗತ ಅಪರಾಧಿ’ ಕಾಯ್ದೆಗಳು ಅದರ ಜಾಗಕ್ಕೆ ಬಂದವು, ನಮ್ಮ ರಾಜ್ಯದ್ದು 1961ರದ್ದು. ಅದರಲ್ಲೂ ನೋಂದಣಿ ಇದೆ, ವಿಳಾಸ ಬದಲಾದರೆ ತಿಳಿಸುವುದಿದೆ. ವ್ಯತ್ಯಾಸವೆಂದರೆ ಕಾಗದದ ಮೇಲೆ ಅದು ವ್ಯಕ್ತಿಗೆ ಅನ್ವಯ, ಜಾತಿಗಲ್ಲ. ಕಾಗದದ ಆಚೆ ಏನಾಗುತ್ತಿತ್ತು ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಜೈಲುಗಳ ಜಾತಿಭೇದದ ಪ್ರಕರಣದಲ್ಲಿ ಹೇಳಿದೆ. ಆ ಪ್ರಕರಣದ ಅರ್ಜಿದಾರರು ನಮ್ಮ ವೃತ್ತಿಯವರೇ, ಪತ್ರಕರ್ತೆ ಸುಕನ್ಯಾ ಶಾಂತಾ. ಎರಡು ಸಾಲಿನ ಸುದ್ದಿಗೆ ನಿಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಉದಾಹರಣೆ ಇದು.

ಇನ್ನು ಇವತ್ತಿನವನ ವಿಷಯ. 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಂ ಪ್ರಕಾರ ಬಿಡುಗಡೆಗೆ ಮೊದಲು ಕೋರ್ಟಿಗೆ ಒಂದು ಖಾತ್ರಿ ಬೇಕು. ಅಪರಾಧಿಗೋ ಜಾಮೀನುದಾರನಿಗೋ ಕಾಯಂ ನೆಲೆ ಅಥವಾ ಕಾಯಂ ಕೆಲಸ ಇರಬೇಕು. ಅದು ಕೋರ್ಟಿನ ವ್ಯಾಪ್ತಿಯಲ್ಲಿರಬಹುದು, ಇಲ್ಲವೇ ಮುಚ್ಚಳಿಕೆಯ ಅವಧಿಯಲ್ಲಿ ಆತ ವಾಸಿಸಬಹುದಾದ ಊರಿನಲ್ಲಿರಬಹುದು. ಈ ಕೊನೆಯ ಮಾತನ್ನು ಗಮನಿಸಬೇಕು. ಬೇರೆ ಊರಿಗೆ ಹೋಗುವ ಸಾಧ್ಯತೆಯನ್ನು ಕಾನೂನು ಮೊದಲ ದಿನವೇ ಒಪ್ಪಿಕೊಂಡಿದೆ. ವಕೀಲರು ಆ ದಿನವೇ ಬೆಂಗಳೂರಿನ ವಿಳಾಸ, ಕೆಲಸ ಕೊಡುವವರ ಪತ್ರ ಇಟ್ಟರೆ ಮುಂದಿನ ಅಲೆದಾಟ ಎಷ್ಟೋ ತಪ್ಪುತ್ತದೆ.

ಆದೇಶ ಆದ ಮೇಲಿನ ದಾರಿ ಉದ್ದ. ಉಸ್ತುವಾರಿ ಆದೇಶದಲ್ಲಿ ಎಲ್ಲಿ ವಾಸಿಸಬೇಕು ಎಂಬ ಷರತ್ತು ಇದ್ದರೆ ಅದನ್ನು ಬದಲಿಸುವುದು 8ನೇ ಕಲಂ ಅಡಿ, ಪ್ರೊಬೇಷನ್ ಅಧಿಕಾರಿಯ ಅರ್ಜಿಯ ಮೇಲೆ. ಹಾಗಾಗಿ ಮೊದಲು ಕೇಳಬೇಕಾದದ್ದು ಅವರನ್ನೇ. ಆ ಆದೇಶದ ಒಂದು ಪ್ರತಿ ಆತನಿಗೂ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ, ಅದನ್ನು ಯಾರ ಹತ್ತಿರವಾದರೂ ಓದಿಸಿಕೊಳ್ಳಬೇಕು. ಬದಲಾವಣೆಗೆ ಜಾಮೀನುದಾರ ಒಪ್ಪದಿದ್ದರೆ ಕೋರ್ಟ್ ಹೊಸ ಮುಚ್ಚಳಿಕೆ ಕೇಳಬಹುದು, ಅದನ್ನು ಕೊಡಲಾಗದಿದ್ದರೆ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಜಾಮೀನು ನಿಂತವನು ಚಿಕ್ಕಪ್ಪ, ಅವನಿಗೂ ಇವನಿಗೂ ಬದುವಿನ ಜಗಳ ಅಂತಿಟ್ಟುಕೊಳ್ಳಿ. ಹೊಸ ಬದುಕಿನ ಕೀಲಿ ಆಗ ಆ ಬದುವಿನ ಮೇಲೆ ಬಿದ್ದಿರುತ್ತದೆ.

ಕೇಳದೆ ಹೋದವನಿಗೆ, ಮೊದಲ ಸಲವಾದರೆ, 50 ರೂಪಾಯಿ ತನಕ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲು ಕೋರ್ಟಿಗೆ ಅವಕಾಶ ಇದೆ. 1958ರ 50 ರೂಪಾಯಿ ಹಾಗೇ ಉಳಿದಿದೆ. ಮೂಲ ಶಿಕ್ಷೆಯನ್ನೇ ವಿಧಿಸುವ ಅಧಿಕಾರವೂ ಪಕ್ಕದಲ್ಲೇ ಇದೆ. ಮುಚ್ಚಳಿಕೆಯ ಅವಧಿ ಮೂರು ವರ್ಷ ಮೀರುವಂತಿಲ್ಲ, ನಡತೆ ಸರಿ ಇದ್ದರೆ ಅದಕ್ಕೂ ಮೊದಲೇ ಬಿಡುಗಡೆ ಮಾಡಿ ಎಂದು ಅಧಿಕಾರಿ ಕೋರ್ಟನ್ನು ಕೇಳಬಹುದು. ಗುಳೆ ಹೋಗುವವರು ಲಾರಿ ಹತ್ತುವುದು ಸುಗ್ಗಿ ಮುಗಿದ ವಾರದಲ್ಲಿ. ಅರ್ಜಿ ಹಾಕುವುದಾದರೆ ಅದಕ್ಕೆ ಎರಡು ತಿಂಗಳು ಮೊದಲೇ ಹಾಕಬೇಕು, ಜೊತೆಗೆ ಮೇಸ್ತ್ರಿಯ ಪತ್ರ ಮತ್ತು ಮಾವನ ಮನೆಯ ಕರೆಂಟ್ ಬಿಲ್ ಇಟ್ಟು.