ಯೂಸ್‌ನೆಟ್: ಅಕ್ಷರದ ವೇಷ ಹಾಕಿ ಫೈಲು ಸಾಗಿದ ಕಥೆ

ಇಂದು ಒಂದು ಪ್ರಶ್ನೆಪತ್ರಿಕೆಯನ್ನು ಪಕ್ಕದ ಶಾಲೆಗೆ ಕಳಿಸಬೇಕಾದರೆ ನಾವು ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತೇವೆ. ವೆಬ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಗಣಕಯಂತ್ರಗಳ ನಡುವೆ ಇಂಥ ಹಂಚಿಕೆ ಇತ್ತು ಎಂದರೆ ಮಕ್ಕಳು ನಂಬುವುದಿಲ್ಲ. ಅದರ ಹೆಸರು ಯೂಸ್‌ನೆಟ್. ಅದರಲ್ಲಿ ವಿಷಯಕ್ಕೊಂದರಂತೆ ಇದ್ದ ಚರ್ಚಾಗುಂಪುಗಳೇ ನ್ಯೂಸ್‌ಗ್ರೂಪುಗಳು.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಇದನ್ನು ಯೋಚಿಸಿದರು. ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಮೊದಲ ಪ್ರೋಗ್ರಾಮ್ ಬರೆದರು. 1980ರಲ್ಲಿ ಜಾಲ ಬೆಳೆಯತೊಡಗಿತು. ಆಗಿನ ದೊಡ್ಡ ಜಾಲವಾದ ಅರ್ಪಾನೆಟ್‌ಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಹಾಗಾಗಿ ಇವರು ಸಾಮಾನ್ಯ ಟೆಲಿಫೋನ್ ತಂತಿಯನ್ನೇ ನೆಚ್ಚಿಕೊಂಡರು.

ಕೆಲಸ ಮಾಡುವ ಬಗೆ ಸರಳ. ಮಂಜೇಶ್ವರದ ಶಾಲೆಯ ಗೋಡೆ ಪತ್ರಿಕೆಯನ್ನು ಕುಂಬಳೆಯ ಮಕ್ಕಳು ನಕಲು ಮಾಡಿ ತಮ್ಮ ಗೋಡೆಗೆ ಹಚ್ಚುತ್ತಾರೆ, ಅದನ್ನು ನೋಡಿ ಬದಿಯಡ್ಕದವರು ಬರೆದುಕೊಳ್ಳುತ್ತಾರೆ ಎಂದುಕೊಳ್ಳಿ. ಕೊನೆಗೆ ಎಲ್ಲ ಶಾಲೆಗಳಲ್ಲೂ ಅದೇ ಪತ್ರಿಕೆ ಇರುತ್ತದೆ, ಆದರೆ ಯಜಮಾನ ಯಾರೂ ಇಲ್ಲ. ಯೂಸ್‌ನೆಟ್ಟಿನ ಸರ್ವರುಗಳೂ ಹೀಗೆಯೇ ಒಂದರಿಂದ ಒಂದು ನಕಲು ಪಡೆಯುತ್ತವೆ. ಓದುವವರು ತಮಗೆ ಸಿಗುವ ಒಂದು ಸರ್ವರಿಗೆ ಸೇರಿಕೊಂಡು, ನ್ಯೂಸ್‌ರೀಡರ್ ಎಂಬ ತಂತ್ರಾಂಶದಲ್ಲಿ ಬೇಕಾದ ಗುಂಪನ್ನು ಆರಿಸಿಕೊಂಡರಾಯಿತು.

ಆದರೆ ಈ ದಾರಿಯಲ್ಲಿ ಸಾಗುತ್ತಿದ್ದುದು ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ಚಿಹ್ನೆಗಳು ಮಾತ್ರ. ಕನ್ನಡ ಸಾಗುತ್ತಿರಲಿಲ್ಲ. ಪರದೇಶದ ಕನ್ನಡಿಗರು ಅಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಟೈಪಿಸಿ ತೃಪ್ತಿಪಡಬೇಕಿತ್ತು. ಚಿತ್ರ, ತಂತ್ರಾಂಶಗಳ ಪಾಡೂ ಅದೇ. ಅವುಗಳಿಗೂ ಅಕ್ಷರದ ವೇಷ ಹಾಕಬೇಕಾಯಿತು. 1980ರಲ್ಲಿ ಬರ್ಕ್ಲಿಯಲ್ಲಿ ಮೇರಿ ಆನ್ ಹಾರ್ಟನ್ ಬರೆದ ಯುಯುಎನ್‌ಕೋಡ್ ಎಂಬ ಪ್ರೋಗ್ರಾಮ್ ಮೂರು ಬೈಟುಗಳನ್ನು ನಾಲ್ಕು ಅಕ್ಷರಗಳಾಗಿ ಬದಲಿಸುತ್ತಿತ್ತು. ಇದರಿಂದ ಫೈಲು ಮೂರನೇ ಒಂದು ಪಾಲಿಗಿಂತ ಹೆಚ್ಚು ಉಬ್ಬುತ್ತಿತ್ತು. 2001ರಲ್ಲಿ ಯೂರ್ಗೆನ್ ಹೆಲ್ಬಿಂಗ್ ರೂಪಿಸಿದ ವೈಎಂಕ್ ವಿಧಾನದಲ್ಲಿ ಉಬ್ಬು ಶೇಕಡಾ 2ರ ಆಸುಪಾಸಿಗೆ ಇಳಿಯಿತು.

ದೊಡ್ಡ ಫೈಲನ್ನು ಹಲವು ತುಂಡು ಮಾಡಿ ಹಾಕಬೇಕಿತ್ತು. ಒಂದು ತುಂಡು ದಾರಿಯಲ್ಲಿ ಕಳೆದರೂ ಇಡೀ ಫೈಲು ಕೆಟ್ಟಿತು. ಇದಕ್ಕೆ ಪಾರ್ ಎಂಬ ಉಪಾಯ ಬಂತು. ಐವರು ಮಕ್ಕಳ ಅಂಕಗಳ ಮೊತ್ತ ಗೊತ್ತಿದ್ದು, ನಾಲ್ವರ ಅಂಕ ಕೈಯಲ್ಲಿದ್ದರೆ ಐದನೆಯವನದ್ದು ತಾನಾಗಿ ಸಿಗುತ್ತದಲ್ಲವೇ? ಪಾರ್ ಕೂಡ ಅಂಥದ್ದೇ ಲೆಕ್ಕ, ಸ್ವಲ್ಪ ಮುಂದಿನ ತರಗತಿಯದ್ದು.

ಯಜಮಾನನಿಲ್ಲದ ಜಾಗದಲ್ಲಿ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. 1991ರ ಆಗಸ್ಟ್ 25ರಂದು ಲೈನಸ್ ಟೋರ್ವಾಲ್ಡ್ಸ್ ತಮ್ಮ ಹೊಸ ಕಾರ್ಯಾಚರಣೆ ವ್ಯವಸ್ಥೆಯ ವಿಷಯ ತಿಳಿಸಿದ್ದು ಒಂದು ನ್ಯೂಸ್‌ಗ್ರೂಪಿನಲ್ಲೇ. ಅದೇ ಇಂದಿನ ಲಿನಕ್ಸ್. ಕೇರಳದ ನಮ್ಮ ಶಾಲೆಗಳ ಗಣಕಯಂತ್ರಗಳಲ್ಲಿ ಮಕ್ಕಳು ಕಲಿಯುವುದೂ ಅದರ ಮೇಲೆಯೇ. ಇನ್ನೊಂದೆಡೆ, ಬೇರೆಯವರ ಸಿನಿಮಾ, ಹಾಡು, ತಂತ್ರಾಂಶಗಳನ್ನು ಅಪ್ಪಣೆಯಿಲ್ಲದೆ ಹಂಚುವವರೂ ಇದೇ ದಾರಿ ಹಿಡಿದರು. ಹಂಚುವ ಮೊದಲು ಇದು ಯಾರದ್ದು, ಹಂಚಲು ಒಪ್ಪಿದ್ದಾರೆಯೇ ಎಂದು ಕೇಳುವುದನ್ನು ಮಕ್ಕಳಿಗೆ ನಾವೇ ಕಲಿಸಬೇಕು.

2010ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯವೇ ತನ್ನ ಯೂಸ್‌ನೆಟ್ ಸರ್ವರನ್ನು ನಿಲ್ಲಿಸಿತು. 2024ರ ಫೆಬ್ರವರಿಯಲ್ಲಿ ಗೂಗಲ್ ಗ್ರೂಪ್ಸ್ ಕೂಡ ಹೊಸ ಯೂಸ್‌ನೆಟ್ ಬರಹಗಳಿಗೆ ಬಾಗಿಲು ಮುಚ್ಚಿತು. ಬೇರೆ ಸರ್ವರುಗಳು ಉಳಿದಿವೆ, ಜಾಲ ಸತ್ತಿಲ್ಲ.

ಅದರ ಮೊದಲ ಹತ್ತು ವರ್ಷಗಳ ಬರಹಗಳು ಉಳಿದದ್ದು ಹೇಗೆ ಗೊತ್ತೇ? ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ 1991ರವರೆಗೆ ಅವನ್ನು 141 ಟೇಪುಗಳಲ್ಲಿ ತುಂಬಿಸಿಟ್ಟಿದ್ದರು. ಸುಮಾರು 20 ಲಕ್ಷ ಬರಹಗಳು! ಉಳಿದವರು ಜಾಗ ಸಾಲದೆ ಅಳಿಸುತ್ತ ಹೋದರು, ಇವರು ಇಟ್ಟುಕೊಂಡರು.

ಗಡಿಯಾಚೆಯ ಕನ್ನಡ ಶಾಲೆಗಳವರಾದ ನಾವು ಇದನ್ನು ಮರೆಯಬಾರದು. ನಮ್ಮ ಹಳೆಯ ಕೈಬರಹದ ಪತ್ರಿಕೆಗಳು, ವಾರ್ಷಿಕ ಸಂಚಿಕೆಗಳು ಎಷ್ಟೋ ಕಡೆ ಒಂದೇ ಪ್ರತಿಯಲ್ಲಿ, ಒಂದೇ ಕಪಾಟಿನಲ್ಲಿವೆ. ಗೆದ್ದಲಿಗೆ ಅಷ್ಟೇ ಸಾಕು. ಈ ರಜೆಯಲ್ಲಿ ಒಂದನ್ನಾದರೂ ಫೋಟೊ ತೆಗೆದು, ಪಕ್ಕದ ಶಾಲೆಗೊಂದು ಪ್ರತಿ ಕೊಟ್ಟಿಡೋಣ.