ಜಯಪುರದ ಸಮ್ರಾಟ್ ಯಂತ್ರ

ದೆಹಲಿಯಿಂದ ಮೋಟಾರಿನಲ್ಲಿ ನೈರುತ್ಯಕ್ಕೆ ಸುಮಾರು 270 ಕಿಲೋಮೀಟರು ಸಾಗಿದರೆ ರಾಜಸ್ಥಾನದ ರಾಜಧಾನಿಯಾದ ಜಯಪುರವು ದೊರೆಯುವುದು. ಹಳೆಯ ಹಾದಿಯಲ್ಲಿ ಬರುವವರಿಗೆ ಮೊದಲು ಕಾಣುವುದು ಬೆಟ್ಟಗಳ ನಡುವಣ ಆಮೇರದ ಕೋಟೆ. ಕಚ್ಛವಾಹ ಅರಸರ ಹಿಂದಿನ ರಾಜಧಾನಿ ಅದೇ. ಅದನ್ನು ಬಿಟ್ಟು ಬಯಲಿಗಿಳಿದ ಸವಾಯಿ ಜಯಸಿಂಹನು 1727ರಲ್ಲಿ ಹೊಸ ನಗರಕ್ಕೆ ಅಸ್ತಿಭಾರ ಹಾಕಿಸಿದನು. ಬೀದಿಗಳು ನೂಲು ಹಿಡಿದು ಎಳೆದಂತೆ ನೇರವಾಗಿವೆ.

ಪ್ರವಾಸಿಗಳು 1799ರ ಹವಾಮಹಲಿನ ಮುಂದೆ ಬಹಳ ಹೊತ್ತು ನಿಲ್ಲುವರು. 1876ರಲ್ಲಿ ಆಂಗ್ಲ ಯುವರಾಜನ ಸ್ವಾಗತಕ್ಕಾಗಿ ಬಳಿಸಿದ ಗುಲಾಬಿ ಬಣ್ಣವನ್ನು ಕೊಂಡಾಡುವರು. ಅರಮನೆಯ ಮಗ್ಗುಲಲ್ಲೇ ಇರುವ ಜಂತರ್ ಮಂತರಿಗೆ ಮಾತ್ರ ಹತ್ತು ನಿಮಿಷ ಸಾಕೆನ್ನುವರು. ನಮ್ಮ ‘ಯಂತ್ರ’ ಶಬ್ದವೇ ಅಲ್ಲಿ ‘ಜಂತರ್’ ಆಗಿದೆ. ಮಾಟಮಂತ್ರಕ್ಕೂ ಆ ಸ್ಥಳಕ್ಕೂ ಏನೊಂದು ಸಂಬಂಧವೂ ಇಲ್ಲ.

ಅಲ್ಲಿನ ಸಮ್ರಾಟ್ ಯಂತ್ರವು ಎಪ್ಪತ್ತು ಅಡಿಗೂ ಮಿಕ್ಕಿದ ಎತ್ತರದ ತ್ರಿಕೋನದ ಗೋಡೆ. ಅದರ ಓರೆಯ ಅಂಚು ಊರಿನ ಅಕ್ಷಾಂಶಕ್ಕೆ ಸರಿಯಾಗಿ 27 ಅಂಶ ಬಾಗಿ ಧ್ರುವನನ್ನು ನೋಡುತ್ತದೆ. ಎರಡು ಕಡೆಯ ಕಮಾನುಗಳ ಮೇಲೆ ಗೋಡೆಯ ನೆರಳು ನಿಮಿಷಕ್ಕೆ ಎರಡೂವರೆ ಅಂಗುಲದಷ್ಟು ಸರಿಯುವುದನ್ನು ಕಣ್ಣಾರೆ ಕಾಣಬಹುದು. ಆದರೆ ಕೈಗಡಿಯಾರವನ್ನು ಇದರೊಡನೆ ಹೋಲಿಸಿ, ಯಂತ್ರವು ತಪ್ಪೆಂದು ನಕ್ಕು ಹೋಗುವವರುಂಟು. ತಪ್ಪು ಯಂತ್ರದ್ದಲ್ಲ. ಗಡಿಯಾರವು ತೋರಿಸುವುದು ಪೂರ್ವದ ರೇಖೆಯೊಂದಕ್ಕೆ ಹೊಂದಿಸಿದ ದೇಶದ ಸಾಮಾನ್ಯಕಾಲ. ಯಂತ್ರವು ತೋರಿಸುವುದು ಜಯಪುರದ ಸೂರ್ಯನನ್ನು. ಇವೆರಡಕ್ಕೂ ಸುಮಾರು 27 ನಿಮಿಷಗಳ ಅಂತರವಿದೆ. ಸೂರ್ಯನ ಗತಿಭೇದದಿಂದ ಅದು ನವೆಂಬರಿನಲ್ಲಿ ಹನ್ನೊಂದಕ್ಕಿಳಿದು, ಫೆಬ್ರವರಿಯಲ್ಲಿ ನಲವತ್ತನ್ನು ದಾಟುವುದು.

ನಿಜವಾದ ತೊಡಕು ಬೇರೆ. ಸೂರ್ಯನು ಬಿಂದುವಲ್ಲ, ಬಿಂಬ. ಆದುದರಿಂದ ನೆರಳಿನ ಅಂಚು ಐದಾರು ಅಂಗುಲ ಮಸುಕಾಗುತ್ತದೆ. ಯಂತ್ರವನ್ನು ಇಮ್ಮಡಿ ಮಾಡಿದರೆ ಮಸುಕೂ ಇಮ್ಮಡಿಯಾಗುವುದು. ಬಿಗಿದ ನೂಲೊಂದನ್ನು ಕಮಾನಿನ ಹತ್ತಿರ ಹಿಡಿದು, ಅದರ ಸಣ್ಣ ನೆರಳು ಆ ಮಸುಕಿನಲ್ಲಿ ಕರಗುವ ಎಡೆಯನ್ನು ಗುರುತಿಸಿದರೆ ಮಾತ್ರ ಕೆಲವು ಸೆಕೆಂಡುಗಳವರೆಗೆ ಕಾಲವನ್ನು ಅರಿಯಬಹುದು.

ಜಯಸಿಂಹನು ಹುಟ್ಟಿದ್ದು 1688ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ನ್ಯೂಟನ್ನನ ಮಹಾಗ್ರಂಥವು ಪ್ರಕಟವಾಗಿದ್ದಿತು. ‘ಕಾಲಕ್ಕೆ ಹಿಂದುಳಿದ ಕಲ್ಲಿನ ಕೆಲಸ’ವೆಂದು ಇದನ್ನು ಜರೆಯುವವರಿಗೆ ಇಷ್ಟೇ ಆಧಾರ. ಅರಸನು ಕಣ್ಣು ಮುಚ್ಚಿ ಕುಳಿತವನಲ್ಲ. ಅವನ ಆಸ್ಥಾನದ ಜಗನ್ನಾಥ ಸಮ್ರಾಟನು ಯೂಕ್ಲಿಡನ ರೇಖಾಗಣಿತವನ್ನೂ ಟಾಲೆಮಿಯ ಸಿದ್ಧಾಂತವನ್ನೂ ಅರಬ್ಬಿಯಿಂದ ಸಂಸ್ಕೃತಕ್ಕೆ ತಂದನು. ಪಾದ್ರಿಯೊಬ್ಬನ ಮುಂದಾಳ್ತನದಲ್ಲಿ ಪೋರ್ಚುಗಲ್ಲಿಗೆ ಹೋದ ನಿಯೋಗವು ಲ ಹೀರನ ಕೋಷ್ಟಕಗಳನ್ನು ತಂದಿತು. ಚಂದ್ರನ ಸ್ಥಾನದಲ್ಲಿ ಅವು ಅರ್ಧ ಅಂಶದಷ್ಟು ತಪ್ಪಿರುವುದನ್ನು ಅರಸನು ಕಂಡುಕೊಂಡನು. ಯೂರೋಪಿನ ಯಂತ್ರಗಳು ಚಿಕ್ಕವಾಗಿದ್ದುದೇ ಅದಕ್ಕೆ ಕಾರಣವೆಂದು ಬಗೆದನು. ತಪ್ಪನ್ನು ಹಿಡಿದದ್ದು ಸರಿ, ಕಾರಣ ಮಾತ್ರ ಬೇರೆ: ಚಂದ್ರಗತಿಯ ಗಣಿತವೇ ಆಗ ಅಪಕ್ವವಾಗಿದ್ದಿತು, ಮಾಯರನ ಮೇಲಾದ ಕೋಷ್ಟಕಗಳು ಹೊರಬಂದುದು 1753ರಲ್ಲಿ. ಅಷ್ಟರಲ್ಲಿ ಅರಸನು ತೀರಿಕೊಂಡು ಹತ್ತು ವರ್ಷಗಳಾಗಿದ್ದವು.

ಅವನು ಕಟ್ಟಿಸಿದ ಐದು ವೇಧಶಾಲೆಗಳಲ್ಲಿ ಮಥುರೆಯದು ನಾಮಾವಶೇಷವಾಗಿದೆ. ಜಯಪುರದ್ದು 1901ರ ಜೀರ್ಣೋದ್ಧಾರದಿಂದ ಉಳಿಯಿತು. ಆ ಕಾರ್ಯದಲ್ಲಿ ಗ್ಯಾರೆಟ್ ಎಂಬ ಎಂಜಿನಿಯರನಿಗೆ ನೆರವಾದ ತರುಣ ಪಂಡಿತನೇ ಮುಂದೆ ಹಿಂದೀ ಕಥೆಗಾರನಾಗಿ ಹೆಸರಾದ ಚಂದ್ರಧರ ಶರ್ಮ ಗುಲೇರಿ.